ಒಳಗಿನ ಸಂತೆ ನೋಡಿದವರು

ಅವರು ರಿಪೋರ್ಟನ್ನು ಬರೆದ ಕೂಡಲೇ ಕೈಗೆ ಕೊಡುತ್ತಿರಲಿಲ್ಲ. ಇಂಕ್ ಪೆನ್ನಿನಲ್ಲಿ ಬರೆದು, ಸಹಿ ಹಾಕಿ, ಕಾಗದವನ್ನು ಮೇಜಿನ ಅಂಚಿಗೆ ಸರಿಸಿ, ಅದರ ಮೇಲೊಮ್ಮೆ ಮೆಲ್ಲಗೆ ಊದಿ ಕಾಯುತ್ತಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಎದುರಿಗಿದ್ದವರು ಚಡಪಡಿಸಿದರೆ, "ಆರಲಿ ತಡೀರಿ, ಹಸಿ ಅಕ್ಷರ ಕೈಗೆ ಕೊಡಬಾರದು" ಅನ್ನುತ್ತಿದ್ದರು. ಬಾಲ್ ಪೆನ್ ಬಂದು ಎಷ್ಟೋ ಕಾಲವಾಗಿತ್ತು. ಔಷಧಿ ಕಂಪನಿಯವರು ಪುಕ್ಕಟೆ ಕೊಟ್ಟುಹೋಗುತ್ತಿದ್ದ ಪೆನ್ನುಗಳನ್ನು ನಾನೇ ಹಿಡಿಗಟ್ಟಲೆ ಅವರ ಮೇಜಿನ ಮೇಲೆ ಇಟ್ಟುಬಂದಿದ್ದೆ. ಅವನ್ನೆಲ್ಲ ಓಣಿಯ ಶಾಲೆ ಮಕ್ಕಳಿಗೆ ಹಂಚಿದರು.

ಹರಿಹರದ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ಒಂದು ಸಾಲು ಮಳಿಗೆಗಳಿವೆ. ಅದರಲ್ಲೊಂದು ನನ್ನ ಔಷಧಿ ಅಂಗಡಿಯಾಗಿತ್ತು. ಪಕ್ಕದ್ದು ಅವರ ಲ್ಯಾಬು. ರಕ್ತ, ಮೂತ್ರ, ಮಲ ಪರೀಕ್ಷೆ ಮಾಡುವ ಒಂದು ಸಣ್ಣ ಕೋಣೆ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಬಿಳಿ ಟವೆಲ್ ಹೊದಿಸಿದ ಮೈಕ್ರೋಸ್ಕೋಪು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಗೋಡೆಯ ಆಚೆ ಅವರು, ಈಚೆ ನಾನು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಅರ್ಧ ಮಂದಿಗೆ ಅದು ಗೊತ್ತೂ ಇರಲಿಲ್ಲ. ಮಲ ತರಲು ಸಣ್ಣ ಡಬ್ಬಿ ಕೊಡುತ್ತಿದ್ದರಿಂದ ಎಲ್ಲರೂ ಡಬ್ಬಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಆ ಹೆಸರನ್ನು ಮೊದಲು ಇಟ್ಟವನು ನಾನು. ಇದು ನನ್ನ ತಪ್ಪುಗಳಲ್ಲಿ ಅತಿ ಸಣ್ಣದು.

ಅವರು ತೀರಿಕೊಂಡು ಈಗ ಒಂದು ತಿಂಗಳು ದಾಟಿದೆ. ನನಗೆ ಎಪ್ಪತ್ತಮೂರು. ಎಸ್ಸೆಸ್ಸೆಲ್ಸಿ ಓದಿದವನು, ಬರೆದು ಅಭ್ಯಾಸವಿಲ್ಲ. ಅವರ ಬಗ್ಗೆ ಬರೆಯಬೇಕೆಂದು ಕೂತರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಇಷ್ಟು ದಿನ ತಡವಾದದ್ದಕ್ಕೆ ಕಾರಣ ಅದೇ.

ಅವರು ಭಾನುವಳ್ಳಿಯ ರೈತರ ಮನೆಯವರು. ಅಣ್ಣ ಊರಲ್ಲಿ ಕಾಲುವೆ ನೀರಿಗೆ ಭತ್ತ ಬೆಳೆಯುತ್ತಿದ್ದರು. ಇವರು ದಾವಣಗೆರೆಯಲ್ಲಿ ಲ್ಯಾಬಿನ ಕೆಲಸ ಕಲಿತು ಹರಿಹರದಲ್ಲಿ ನೆಲೆನಿಂತರು. ಸಣಕಲು ಮೈ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಕೈ ತೊಳೆಯುವುದೆಂದರೆ ಮೊಳಕೈವರೆಗೆ, ಉಗುರುಗಳ ಸಂದಿಗೆಲ್ಲ ಸೋಪು. ಮಧ್ಯಾಹ್ನ ಒಂದಕ್ಕೆ ಹಾಗೆ ಕೈ ತೊಳೆದು, ಹಿಂದಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದರು. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಒಂದು ಗಿಂಡಿ ಮಜ್ಜಿಗೆ. ಮಜ್ಜಿಗೆ ಯಾವಾಗಲೂ ಇಬ್ಬರಿಗಾಗುವಷ್ಟು ಇರುತ್ತಿತ್ತು. ಇನ್ನೊಂದು ಲೋಟ ನನ್ನದು. ಅವರ ಮನೆಯಾಕೆ ನನ್ನನ್ನು ಅಣ್ಣ ಎನ್ನುತ್ತಿದ್ದರು, ನಾನು ಮರ್ಯಾದೆಗೆ ಅವರನ್ನು ಅಕ್ಕ ಎನ್ನುತ್ತಿದ್ದೆ. "ಅಣ್ಣಗೂ ಕೊಡ್ರಿ" ಎಂದು ದಿನಾ ಹೇಳಿ ಕಳಿಸುತ್ತಿದ್ದರಂತೆ.

"ಹಗಲೆಲ್ಲ ಅದನ್ನ ನೋಡಿ, ಉಣ್ಣಾಕೆ ಹೆಂಗೆ ಮನಸ್ಸು ಬರ್ತೈತೆ ಮೇಷ್ಟ್ರೆ?" ಎಂದು ಒಮ್ಮೆ ಕೇಳಿದ್ದೆ.

"ಉಣ್ಣೋದು ನನಗೊಬ್ಬನಿಗೇ ಅಲ್ಲಲ್ಲ ಸಾವ್ಕಾರ್ರೆ, ಒಳಗಿನ ಮಂದಿಗೂ ಹಾಕಬೇಕು" ಅಂದರು.

ಒಳಗಿನ ಮಂದಿ ಎಂದರೆ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಅವರು ಎಂದೂ ಅವನ್ನು ಹುಳ ಎನ್ನಲಿಲ್ಲ, ಕ್ರಿಮಿ ಎನ್ನಲಿಲ್ಲ. ರೋಗಿಗಳನ್ನೂ ಹಾಗೇ ಕೇಳುತ್ತಿದ್ದರು. "ಏನಮ್ಮ, ಒಳಗಿನ ಮಂದಿಗೆ ಎರಡು ದಿನದಿಂದ ಬರೇ ಬ್ರೆಡ್ಡು ಹಾಕೀಯಲ್ಲ, ಅವು ಏನು ತಿಂದು ಬದುಕಬೇಕು?" ಎಂದರೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಒಮ್ಮೆ ಅನುಕೂಲಸ್ಥ ಗೃಹಸ್ಥರೊಬ್ಬರು ಡಬ್ಬಿಯನ್ನು ಬೇಕರಿಯ ಸ್ವೀಟ್ ಬಾಕ್ಸಿನಲ್ಲಿಟ್ಟು, ಮೇಲೆ ದಾರ ಕಟ್ಟಿ ತಂದು, ನಾಚಿಕೆಯಿಂದ ಬೆಂಚಿನ ಮೇಲಿಟ್ಟು ಹೊರಗೆ ಹೋಗಿ ನಿಂತರು. ಅಲ್ಲೇ ಕೂತಿದ್ದ ಅಜ್ಜನೊಬ್ಬ, ಯಾರೋ ಮಗು ಹುಟ್ಟಿದ್ದಕ್ಕೆ ಪೇಡೆ ತಂದಾರೆ ಎಂದು ದಾರ ಬಿಚ್ಚಲು ಹೊರಟಿದ್ದ. ಮೇಷ್ಟ್ರು ಎದ್ದುಬಂದು ಬಾಕ್ಸು ಕಸಿದುಕೊಂಡು, ಹೊರಗಿದ್ದವರನ್ನು ಕರೆದರು. "ಬರ್ರಿ ಒಳಗೆ. ಇಷ್ಟು ಮುಚ್ಚಿ ತರಾಕೆ ಇದೇನು ಕಳವಿನ ಮಾಲೇನ್ರಿ? ಎಲ್ಲರ ಮನೆಯಾಗೂ ದಿನಾ ಆಗೋದೇ. ಆಗದಿದ್ದರೆ ನಾಚಿಕೆ ಪಡಬೇಕು." ಅಜ್ಜ ಆ ಹೊತ್ತಿಗೆ ನಾಲ್ಕು ಸಲ ಕೈ ತೊಳೆದಿದ್ದ.

ನನಗೆ ಮೈಕ್ರೋಸ್ಕೋಪಿನೊಳಗೆ ತೋರಿಸಿದ್ದು ಒಂದು ಮಂಗಳವಾರ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. "ಬರ್ರಿ ಸಾವ್ಕಾರ್ರೆ, ಸಂತೆ ತೋರಿಸ್ತೀನಿ" ಎಂದು ಕರೆದರು. ಒಂದು ಕಣ್ಣು ಮುಚ್ಚಿ ಬಗ್ಗಿದೆ. ಮೊದಲು ಬರೀ ಬೆಳಕು. ಅವರು ಯಾವುದೋ ತಿರುಗಣಿ ತಿರುಗಿಸಿದರು. ಆಮೇಲೆ ಸಣ್ಣ ಸಣ್ಣ ಗೆರೆಗಳು, ಚುಕ್ಕೆಗಳು ಕಂಡವು. ಕೆಲವು ನಿಂತಲ್ಲೇ ನಡುಗುತ್ತಿದ್ದವು, ಕೆಲವು ಎಲ್ಲಿಗೋ ತುರ್ತು ಕೆಲಸವಿದ್ದಂತೆ ಅಡ್ಡ ಹಾಯುತ್ತಿದ್ದವು. ಸಂತೆಯ ದಿನ ಎತ್ತರದ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದಂತೆಯೇ ಇತ್ತು.

"ಯಾರದಿದು? ರೋಗ ಜೋರೈತೇನು?"

"ನಂದೇ" ಅಂದರು. "ರೋಗ ಅಲ್ರಿ, ಮನೆ ಮಂದಿ. ನನಗಿಂತ ಮೊದಲು ಎದ್ದು ಕೆಲಸಕ್ಕೆ ಹತ್ತತಾರೆ. ನಮಗೆ ಅರಗದ ನಾರು, ಸಿಪ್ಪೆ, ಕಾಳಿನ ಹೊಟ್ಟು, ಅದನ್ನೆಲ್ಲ ಅವೇ ಉಂಡು, ಕರುಳಿಗೆ ಬೇಕಾದ್ದು ಮಾಡಿ ಕೊಡ್ತಾವೆ. ಕೆಲವು ವಿಟಮಿನ್ನೂ ಮಾಡ್ತಾವೆ. ಹುಟ್ಟೋವಾಗ ತಾಯಿಯಿಂದ ಒಂದಿಷ್ಟು ಬಂದಿರ್ತಾವೆ, ಆಮೇಲೆ ಮಣ್ಣು, ನೀರು, ಊಟ, ಮನೆಯೋರು, ಹಿಂಗೆ ಎಲ್ಲಾ ಕಡೆಯಿಂದ ಬಂದು ಕೂಡಿಕೊಳ್ತಾವೆ."

"ಅಷ್ಟು ಒಳ್ಳೇವಾದ್ರೆ ನಾನು ಮಾರೋ ಔಷಧಿ ಯಾತಕ್ಕೆ?"

ಅವರು ಯೋಚಿಸಿ ಹೇಳಿದ ಮಾತು ನನಗೆ ಈಗಲೂ ಅವರ ದನಿಯಲ್ಲೇ ಕೇಳುತ್ತದೆ. "ಬೆಳಿಗ್ಗೆ ದಾವಣಗೆರೆ ಬಸ್ಸು ನೋಡೀರಲ್ಲ? ಎಲ್ಲಾ ಸೀಟು ತುಂಬಿರ್ತೈತೆ. ಜೇಬುಗಳ್ಳ ಒಬ್ಬ ಹತ್ತಿದರೂ ಅವನಿಗೆ ಕೂಡ್ರಾಕೆ ಜಾಗ ಇಲ್ಲ, ನಿಲ್ಲಾಕೆ ಜಾಗ ಇಲ್ಲ. ಮುಂದಿನ ಸ್ಟಾಪಿಗೆ ಇಳೀತಾನೆ. ಕಳ್ಳರು ತೀರಾ ಹೆಚ್ಚಾದಾಗ ಪೊಲೀಸರು ಬೇಕು, ಅದಕ್ಕೆ ನಿಮ್ಮ ಆ್ಯಂಟಿಬಯಾಟಿಕ್ ಬೇಕು. ಆದರೆ ಆ ಪೊಲೀಸರಿಗೆ ಕಳ್ಳ ಯಾರು, ಪ್ಯಾಸೆಂಜರ್ ಯಾರು ಗೊತ್ತಾಗಲ್ಲ. ಎಲ್ಲರನ್ನೂ ಇಳಿಸಿಬಿಡ್ತಾರೆ. ಖಾಲಿ ಬಸ್ಸಿಗೆ ಆಮೇಲೆ ಯಾರು ಹತ್ತತಾರೋ ಹೇಳಾಕಾಗಲ್ಲ."

ಇಷ್ಟು ಹೇಳಿ, "ನನಗೂ ಪೂರ್ತಿ ಗೊತ್ತಿಲ್ಲ. ದೊಡ್ಡ ದೊಡ್ಡ ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲಂತೆ" ಎಂದು ಸೇರಿಸಿದರು. ತಿಳಿಯದ್ದನ್ನು ತಿಳಿಯದು ಎನ್ನಲು ಅವರಿಗೆ ಸಂಕೋಚವೇ ಇರಲಿಲ್ಲ. ಮೊಸರು ಉಂಡರೆ ಎಲ್ಲ ಹೊಟ್ಟೆ ರೋಗವೂ ಹೋಗುತ್ತದಲ್ಲವೇ ಎಂದು ಯಾರಾದರೂ ಕೇಳಿದರೆ, "ಮೊಸರು ಒಳ್ಳೇದು. ಎಲ್ಲಾ ರೋಗ ಹೋಗ್ತೈತೆ ಅಂತ ನಾನು ಎಲ್ಲೂ ನೋಡಿಲ್ಲ" ಅನ್ನುತ್ತಿದ್ದರು.

ನೋಡಿಲ್ಲ ಎಂದರೆ ನೋಡಿಲ್ಲ. ಅಮೀಬಾ ಇದೆಯೆಂದು ರಿಪೋರ್ಟ್ ಬಂದರೆ ನನ್ನ ಅಂಗಡಿಯಲ್ಲಿ ಮಾತ್ರೆ ಹೋಗುತ್ತಿತ್ತು. ಒಮ್ಮೆ ತಮಾಷೆಯಂತೆ ಅವರಿಗೆ ಹೇಳಿದೆ, "ಎಲ್ಲರಿಗೂ ಒಂದೊಂದು ಅಮೀಬಾ ಬರೀರಿ ಮೇಷ್ಟ್ರೆ. ಏನೂ ಇಲ್ಲ ಅಂದ್ರೆ ಪೇಷಂಟಿಗೂ ಬ್ಯಾಸರ." ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ, "ಕಂಡದ್ದು ಬರೀತೀನಿ. ಕಾಣದ್ದಕ್ಕೆ ಜಾಗ ಖಾಲಿ ಬಿಡ್ತೀನಿ" ಅಂದರು. ಅವರ ರಿಪೋರ್ಟುಗಳಲ್ಲಿ ಹಾಗೆ ಖಾಲಿ ಬಿಟ್ಟ ಸಾಲುಗಳು ಬಹಳ ಇರುತ್ತಿದ್ದವು.

ಹಾಗೆಂದು ಅವರು ಔಷಧಿಯ ವೈರಿಯಾಗಿರಲಿಲ್ಲ. ಟೈಫಾಯಿಡ್ ಆದ ಕೂಲಿ ಹೆಂಗಸೊಬ್ಬಳು, ಒಳಗಿನ ಮಂದಿ ಸಾಯುತ್ತಾರೆ ಎಂಬ ಅವರ ಮಾತನ್ನೇ ಹಿಡಿದುಕೊಂಡು, ಡಾಕ್ಟರು ಬರೆದ ಮಾತ್ರೆಯನ್ನು ಎರಡೇ ದಿನಕ್ಕೆ ಬಿಟ್ಟಳು. ಸುದ್ದಿ ತಿಳಿದು ಇವರು ಸೈಕಲ್ಲೇರಿ ಅವಳ ಮನೆಗೆ ಹೋದರು. "ಯವ್ವಾ, ನಿಂಗೆ ಈಗ ಬಂದಿರೋದು ಕಳ್ಳ ಅಲ್ಲ, ದರೋಡೆಕೋರ. ಡಾಕ್ಟರು ಹೇಳಿದಷ್ಟು ದಿನ ನುಂಗಲೇಬೇಕು" ಎಂದು ಎದುರಿಗೇ ಕೂತು ನುಂಗಿಸಿ ಬಂದರು. ಆಮೇಲೆ ಪ್ರತಿದಿನ ಸಂಜೆ ಹೋಗಿ ಮಾತ್ರೆ ಎಣಿಸಿದರು.

ಇನ್ನು ನನ್ನ ಅಂಗಡಿಯ ವಿಷಯ.

ಗೋಡೆಗೆ ತೂಗುಹಾಕಿದ್ದ ಸರ್ಟಿಫಿಕೇಟು ನನ್ನದಲ್ಲ. ಔಷಧಿ ಓದಿದ ಬೇರೊಬ್ಬರದು. ಅವರು ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಹೋಗುತ್ತಿದ್ದರು. ಕೊಡುತ್ತಿದ್ದವನು ನಾನು. ಡಾಕ್ಟರ ಚೀಟಿ ಇಲ್ಲದವರೇ ಹೆಚ್ಚು. "ಅಣ್ಣಾ, ಮೈಕೈ ನೋವು, ಏನರ ಕೊಡು" ಎಂದರೆ ಸಾಕು. ನನ್ನದೊಂದು ಪದ್ಧತಿ ಇತ್ತು. ಮಾತ್ರೆಗಳನ್ನು ಸ್ಟ್ರಿಪ್ಪಿನ ಪಟ್ಟಿಯಿಂದ ಬಿಡಿಸಿ, ಸಣ್ಣ ಕಾಗದದ ಕವರಿಗೆ ಹಾಕಿ ಕೊಡುತ್ತಿದ್ದೆ. ಪಟ್ಟಿ ಕೊಟ್ಟರೆ ಅದರ ಹೆಸರು ನೋಡಿ ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾರೆ. ಬಿಡಿ ಮಾತ್ರೆಯಾದರೆ ನನ್ನ ಹತ್ತಿರವೇ ಬರಬೇಕು. ಓದು ಬಾರದವರಿಗೆ ತಿಳಿಯಲೆಂದು ಕವರಿನ ಮೇಲೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆಯುತ್ತಿದ್ದೆ. ಸೂರ್ಯನಿಗೆ ಎಂಟು ಕಿರಣ, ಚಂದ್ರನ ಪಕ್ಕ ಒಂದು ಚಿಕ್ಕೆ. ಊರವರೆಲ್ಲ ಮೆಚ್ಚಿದ್ದರು. ನನಗೂ ಅದರ ಮೇಲೆ ಹೆಮ್ಮೆ ಇತ್ತು. ಆ ಕವರಿನ ಮೇಲೆ ಸೂರ್ಯನಿದ್ದ, ಚಂದ್ರನಿದ್ದ, ಔಷಧಿಯ ಹೆಸರು ಮಾತ್ರ ಇರಲಿಲ್ಲ.

ಮೇಷ್ಟ್ರಿಗೆ ಇದು ಸರಿಬರುತ್ತಿರಲಿಲ್ಲ. ಒಂದು ದಿನ ನೆಗಡಿಯಾದ ಡ್ರೈವರನೊಬ್ಬನಿಗೆ ನಾನು ಆ್ಯಂಟಿಬಯಾಟಿಕ್ ಕ್ಯಾಪ್ಸೂಲು ಬಿಡಿಸುತ್ತಿದ್ದೆ. ಮೇಷ್ಟ್ರು ಲ್ಯಾಬಿನ ಬಾಗಿಲಿಂದಲೇ, "ನೆಗಡಿಗೆ ಅದು ಬ್ಯಾಡಪ್ಪ, ಅದರಿಂದ ನೆಗಡಿ ಹೋಗಲ್ಲ" ಅಂದರು. ಅಂಗಡಿ ಮುಂದೆ ಐದಾರು ಗಿರಾಕಿಗಳಿದ್ದರು. ನನಗೆ ಅವಮಾನವಾಯಿತು.

"ಮೇಷ್ಟ್ರೆ, ಹೊರಗೆ ಬಂದದ್ದು ನೀವು ನೋಡ್ಕಳ್ರಿ, ಒಳಗೆ ಹೋಗೋದನ್ನ ನಮಗೆ ಬಿಡ್ರಿ!" ಅಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಆ ಡ್ರೈವರನಂತೂ ಮೂಗೊರೆಸಿಕೊಳ್ಳುತ್ತಲೇ ನಕ್ಕ. ಕೊನೆಗೆ ಮೇಷ್ಟ್ರೂ ಸ್ವಲ್ಪ ನಕ್ಕು ಒಳಗೆ ಹೋದರು. ಅಂದು ಮಧ್ಯಾಹ್ನವೂ ನನ್ನ ಮಜ್ಜಿಗೆ ಬಂತು.

ಇದಾಗಿ ಎರಡು ವಾರಕ್ಕೆ ಮೇಷ್ಟ್ರು ಭತ್ತದ ಕಟಾವಿಗೆಂದು ಲ್ಯಾಬ್ ಮುಚ್ಚಿ ಭಾನುವಳ್ಳಿಗೆ ಹೋದರು. ಪ್ರತಿವರ್ಷ ಹಾಗೆ ಹತ್ತು ಹನ್ನೆರಡು ದಿನ ಅಣ್ಣನ ಕೈಗೆ ಒದಗುತ್ತಿದ್ದರು. ಅವರು ಹೋದ ಮರುದಿನ ಬೆಳಿಗ್ಗೆ ಅವರ ಮನೆಯಾಕೆ ಅಂಗಡಿಗೆ ಬಂದರು. ಸೆರಗಿನಿಂದ ಕೆನ್ನೆ ಮುಚ್ಚಿಕೊಂಡಿದ್ದರು. ದವಡೆ ಊದಿತ್ತು.

"ಹಲ್ಲು ಜೀವ ತಿನ್ನಾಕ ಹತ್ತೈತೆ ಅಣ್ಣ. ಏನರ ಕೊಡು."

"ಮೇಷ್ಟ್ರಿಗೆ ಹೇಳೀರೇನಕ್ಕ?"

"ಅವರಿಗೆ ಹೇಳಬ್ಯಾಡ ಮತ್ತೆ! ಹಲ್ಲಿನ ಡಾಕ್ಟರ ಹತ್ರ ಹೋಗು ಅಂತಾರೆ, ಕೂಡ್ರಿಸಿಕೊಂಡು ಒಳಗಿನ ಮಂದಿ ಪುರಾಣ ಹೇಳ್ತಾರೆ. ನೀನೇ ಕೊಡು, ನಿನ್ನ ಕೈಗುಣ ಚಲೋ ಐತೆ."

ಆ ಮಾತಿಗೆ ನಾನು ಉಬ್ಬಿದೆ. ಎರಡು ವಾರದ ಹಿಂದಿನ ಉರಿಯೂ ಸ್ವಲ್ಪ ಇತ್ತು. ಮೇಷ್ಟ್ರ ಮನೆಯವರೇ ನನ್ನ ಹತ್ತಿರ ಬಂದರಲ್ಲ ಎಂದು ಒಳಗೊಳಗೆ ಗೆದ್ದಂತಾಯಿತು. ಕೀವಿಗೆ ಕೊಡುವ ಬಲವಾದ ಕ್ಯಾಪ್ಸೂಲು ಐದು ದಿನಕ್ಕೆ ಬಿಡಿಸಿ ಕೊಟ್ಟೆ. ಸೂರ್ಯ, ಚಂದ್ರ ಬರೆದೆ.

ದವಡೆಯ ಬಾವು ಇಳಿಯಿತು. ಆರನೆಯ ದಿನ ಮತ್ತೆ ಬಂದರು. ಭೇದಿ ಹತ್ತಿದೆ ಎಂದರು. ನಾನು ಭೇದಿ ನಿಲ್ಲಿಸುವ ಮಾತ್ರೆಯ ಜೊತೆ ಇನ್ನೊಂದು ಆ್ಯಂಟಿಬಯಾಟಿಕ್ ಕೊಟ್ಟೆ. ನನ್ನ ಮೊದಲ ಕ್ಯಾಪ್ಸೂಲಿನಿಂದಲೇ ಭೇದಿ ಆಗಿರಬಹುದೆಂದು ಹೊಳೆಯಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದು ನಿಜವಲ್ಲ. ಹೊಳೆದಿತ್ತು. ಖಾಲಿ ಬಸ್ಸಿನ ಮಾತು ಒಂದು ಗಳಿಗೆ ನೆನಪಾಗಿತ್ತು. ಗಿರಾಕಿ ಬಹಳ ಇದ್ದರು, ಅದನ್ನು ತಳ್ಳಿಹಾಕಿ ಕವರಿಗೆ ಕೈಹಾಕಿದೆ. ಮತ್ತೆ ಎರಡು ದಿನಕ್ಕೆ ಬಂದಾಗ ಅಕ್ಕ ಕಟ್ಟೆ ಹಿಡಿದುಕೊಂಡು ನಿಂತಿದ್ದರು. ಅದೇ ಮಾತ್ರೆಯನ್ನು ಇನ್ನಷ್ಟು ಕೊಟ್ಟೆ.

ಮೇಷ್ಟ್ರು ಊರಿಂದ ಬಂದಾಗ ಅಕ್ಕ ಹಾಸಿಗೆ ಹಿಡಿದಿದ್ದರು. ಜ್ವರ, ಹೊಟ್ಟೆಯುಬ್ಬರ. ಮೇಷ್ಟ್ರು ತಾವೇ ಡಬ್ಬಿ ತಂದು ಲ್ಯಾಬಿನಲ್ಲಿ ನೋಡಿದರು. ಗೋಡೆಯ ಈಚೆ ನನಗೆ ಕುರ್ಚಿ ಸರಿದ ಸದ್ದು ಕೇಳಿತು. ಆಮೇಲೆ ಅವರು ಹೊರಗೆ ಬಂದು ನನ್ನ ಅಂಗಡಿಯ ಮುಂದೆ ನಿಂತರು. ಅವರ ಮುಖ ಹಾಗೆ ಇದ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಸಾವ್ಕಾರ್ರೆ, ಸಂತೆ ಖಾಲಿ ಐತೆ. ಬರೇ ಕೀವಿನ ಕಣ. ನಿಮ್ಮಲ್ಲಿ ಮಾತ್ರೆ ತಗಂಡೆ ಅಂದಳು. ಯಾವುದು ಅಂತ ಆಕಿಗೆ ಗೊತ್ತಿಲ್ಲ. ಏನು ಕೊಟ್ಟಿದ್ರಿ? ದಾವಣಗೆರೆಗೆ ಕರ್ಕಂಡು ಹೊಂಟೀನಿ, ಡಾಕ್ಟರು ಕೇಳ್ತಾರೆ."

ಆ ವಾರ ಡ್ರಗ್ ಇನ್‌ಸ್ಪೆಕ್ಟರು ಔಷಧಿ ಅಂಗಡಿಗಳನ್ನು ನೋಡುತ್ತಾ ಬರುತ್ತಿದ್ದಾರೆಂದು ಸುದ್ದಿ ಇತ್ತು. ನನ್ನ ತಲೆಯ ಮೇಲೆ ಇನ್ನೊಬ್ಬರ ಸರ್ಟಿಫಿಕೇಟು ತೂಗುತ್ತಿತ್ತು.

"ನೋವಿನ ಮಾತ್ರೆ" ಅಂದೆ. "ಭೇದಿಗೆ ಓಆರ್‌ಎಸ್ ಪುಡಿ."

"ಅಷ್ಟೇನ್ರಿ?"

"ಅಷ್ಟೆ."

ಅವರು ಇನ್ನೂ ನಿಂತಿದ್ದರು. "ಬೈಯಾಕೆ ಕೇಳ್ತಿಲ್ರಿ. ಆ್ಯಂಟಿಬಯಾಟಿಕ್ ಏನರ ಕೊಟ್ಟಿದ್ರೆ ಹೇಳ್ರಿ. ಅದು ಗೊತ್ತಾದ್ರೆ ಔಷಧಿ ದಾರಿನೇ ಬ್ಯಾರೆ."

"ಕೊಟ್ಟಿಲ್ಲ ಮೇಷ್ಟ್ರೆ. ನಮ್ಮ ತಂಗಿ ಇದ್ದಂಗೆ, ಸುಳ್ಳು ಹೇಳ್ತೀನೇನು?"

ಅವರು ನಂಬಿದರು. ನನ್ನ ವಿದ್ಯೆ, ನನ್ನ ಅಂಗಡಿ ಯಾವುದನ್ನೂ ನಂಬದಿದ್ದ ಮನುಷ್ಯ ನನ್ನ ಮಾತನ್ನು ನಂಬಿದರು.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನೇ ಮೊದಲು ಕೇಳಿದರಂತೆ. ಇವರು ನಾನು ಹೇಳಿದ್ದನ್ನೇ ಹೇಳಿದರು. ಡಾಕ್ಟರು ಹೊರಗಿಂದ ಬಂದ ಸೋಂಕೆಂದು ತಿಳಿದು ಅದಕ್ಕೆ ತಕ್ಕ ಔಷಧಿ ಹಾಕಿದರು. ಅದೂ ಆ್ಯಂಟಿಬಯಾಟಿಕ್ಕೇ. ಐದು ದಿನ ಹಾಗೆ ಹೋಯಿತು. ಅಕ್ಕನಿಗೆ ಎಚ್ಚರ ತಪ್ಪಿತು. ಆಮೇಲೆ ಹಿರಿಯ ಡಾಕ್ಟರೊಬ್ಬರಿಗೆ ಸಂಶಯ ಬಂದು, ಕೊಳವೆ ಇಳಿಸಿ ಕರುಳು ನೋಡಿದಾಗ ಒಳಗೋಡೆಯ ಮೇಲೆಲ್ಲ ಹಳದಿ ಪೊರೆ ಕಟ್ಟಿತ್ತು. ಆ್ಯಂಟಿಬಯಾಟಿಕ್ ತಿಂದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಮೇಲೆ ಒಂದು ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುವುದರಿಂದ ಹೆಚ್ಚಾಗಿ ಹಾಗಾಗುತ್ತದಂತೆ. ಅದಕ್ಕೆ ಬೇರೆ ಔಷಧಿ ಶುರುಮಾಡಿದರು. ಅಕ್ಕ ಬದುಕಿ ಬಂದರು.

ಬದುಕಿ ಬಂದರು ಎನ್ನುವುದು ಸುಲಭ. ನಾನು ನೋಡಲು ಹೋದಾಗ ಬಾಗಿಲಲ್ಲಿ ನಿಂತವರು ಅಕ್ಕನೆಂದು ಗುರುತು ಸಿಗಲಿಲ್ಲ. ಬಳೆ ಮೊಳಕೈವರೆಗೆ ಜಾರುತ್ತಿದ್ದವು. ನಗುತ್ತಾ, "ಬಾ ಅಣ್ಣ" ಅಂದರು. ಒಂದು ತಿಂಗಳಿಗೆ ರೋಗ ಮತ್ತೆ ಮರುಕಳಿಸಿತು, ಮತ್ತೆ ಆಸ್ಪತ್ರೆ. ಮಳೆಗಾಲದಲ್ಲಿ ಇನ್ನೊಮ್ಮೆ. ಆ ದಿನಗಳಲ್ಲಿ ಮೇಷ್ಟ್ರು ವಾರಕ್ಕೊಮ್ಮೆ ಅಕ್ಕನ ಡಬ್ಬಿ ತಂದು, ಟವೆಲ್ ತೆಗೆದು, ಕಿಟಕಿಯ ಬೆಳಕಿಗೆ ಮೈಕ್ರೋಸ್ಕೋಪು ತಿರುಗಿಸಿ ಬಹಳ ಹೊತ್ತು ನೋಡುತ್ತಿದ್ದರು. ಹೆಂಡತಿಯ ಒಳಗಿನ ಮಂದಿ ತಿರುಗಿ ಬಂದರೇ ಎಂದು ನೋಡುತ್ತಿದ್ದರು. ಡಾಕ್ಟರಿಗೆ ಅದರ ಅಗತ್ಯವಿರಲಿಲ್ಲ. ಅವರಿಗೆ ಇತ್ತು. ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಏನೋ ಬರೆದು, ಊದಿ, ಆರಿಸಿ ಮುಚ್ಚುತ್ತಿದ್ದರು.

ಅಕ್ಕ ಆಸ್ಪತ್ರೆಯಿಂದ ಮೊದಲ ಸಲ ಬಂದ ವಾರದಲ್ಲೇ ಒಂದು ಬೆಳಿಗ್ಗೆ ಮೇಷ್ಟ್ರು ನನ್ನ ಅಂಗಡಿಗೆ ಬಂದು ಕಟ್ಟೆಯ ಮೇಲೆ ಒಂದು ಕಾಗದದ ಕವರನ್ನಿಟ್ಟರು. ಅಡುಗೆಮನೆಯ ಜೀರಿಗೆ ಡಬ್ಬಿಯ ಹಿಂದೆ ಸಿಕ್ಕಿತಂತೆ. ಖಾಲಿ ಕವರು. ಮೇಲೆ ಎಂಟು ಕಿರಣದ ಸೂರ್ಯ, ಪಕ್ಕದಲ್ಲಿ ಚಂದ್ರ, ಚಿಕ್ಕೆ. ನೋವಿನ ಮಾತ್ರೆಯನ್ನು ನಾನು ಹಾಗೆ ಕವರಿಗೆ ಹಾಕಿ, ಹೊತ್ತು ಗೊತ್ತುಮಾಡಿ ಕೊಡುತ್ತಿರಲಿಲ್ಲ. ನೋವು ಬಂದಾಗ ನುಂಗಿ ಎಂದು ಪಟ್ಟಿಯಲ್ಲೇ ಕತ್ತರಿಸಿ ಕೊಡುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.

"ಚಂದ್ರನ್ನ ಚೆಂದ ಬರೀತೀರಿ ನೋಡ್ರಿ" ಅಂದರು.

ಅಷ್ಟೇ. ನಾನು ಏನಾದರೂ ಹೇಳುತ್ತೇನೆಂದು ಸ್ವಲ್ಪ ಹೊತ್ತು ನಿಂತರು. ನಾನು ಹಿಂದಿನ ಕಪಾಟಿನಲ್ಲಿ ಏನನ್ನೋ ಹುಡುಕುವವನಂತೆ ತಿರುಗಿದೆ. ಮತ್ತೆ ಈಕಡೆ ನೋಡುವಾಗ ಅವರೂ ಇರಲಿಲ್ಲ, ಕವರೂ ಇರಲಿಲ್ಲ.

ಅಂದಿನಿಂದ ಮಜ್ಜಿಗೆ ನಿಂತಿತು. ಅವರು ದೂರು ಕೊಡಲಿಲ್ಲ, ಊರಲ್ಲಿ ಯಾರಿಗೂ ಹೇಳಲಿಲ್ಲ. ಕಂಡರೆ ತಲೆಯಾಡಿಸುತ್ತಿದ್ದರು. ಔಷಧಿ ಎಲ್ಲಿ ತಗೊಳ್ಳಲಿ ಎಂದು ರೋಗಿಗಳು ಕೇಳಿದರೆ, ಗೋಡೆಯಾಚೆಯಿಂದ ಅವರ ದನಿ ಕೇಳುತ್ತಿತ್ತು: "ಡಾಕ್ಟರ ಚೀಟಿ ಇದ್ರೆ ಪಕ್ಕದಾಗೇ ತಗಳ್ರಿ. ಚೀಟಿ ಇಲ್ದಿದ್ರೆ ಎಲ್ಲೂ ತಗಬ್ಯಾಡ್ರಿ."

ಮರುವರ್ಷ ಚಳಿಗಾಲದಲ್ಲಿ ಅಕ್ಕ ನ್ಯುಮೋನಿಯಾ ಆಗಿ ತೀರಿಕೊಂಡರು. ಹಿಂದಿನ ರೋಗದಿಂದ ಮೈ ಸೋತದ್ದಕ್ಕೇ ಹಾಗಾಯಿತೆಂದು ಯಾರೂ ಖಂಡಿತ ಹೇಳಲಾರರು. ಆ 'ಹೇಳಲಾರರು' ಎಂಬ ಮಾತಿನ ನೆರಳಿನಲ್ಲಿ ನಾನು ಹನ್ನೊಂದು ವರ್ಷ ಕೂತೆ. ಬಿಡಿ ಮಾತ್ರೆ ಕೊಡುವುದನ್ನಾದರೂ ನಿಲ್ಲಿಸಿದೆನೇ? ಒಂದು ತಿಂಗಳು ನಿಲ್ಲಿಸಿದೆ. ಆಮೇಲೆ ಮತ್ತೆ ಶುರುಮಾಡಿದೆ. ಸೂರ್ಯ ಚಂದ್ರ ಬರೆಯುವುದನ್ನು ಮಾತ್ರ ಬಿಟ್ಟೆ. ಮಂಡಿ ನೋವು ಹೆಚ್ಚಾಗಿ ಅಂಗಡಿ ಬೇರೆಯವರಿಗೆ ಬಿಟ್ಟುಕೊಡುವವರೆಗೂ ಹಾಗೇ ನಡೆಯಿತು.

ಅಷ್ಟರಲ್ಲಿ ಮೇಷ್ಟ್ರು ಲ್ಯಾಬ್ ಮುಚ್ಚಿ ದಾವಣಗೆರೆಯ ಶಾಮನೂರಿನ ಕಡೆ ಹೊಸ ಬಡಾವಣೆಯಲ್ಲಿರುವ ಮಗಳ ಮನೆಗೆ ಹೋಗಿದ್ದರು. ಅವರು ತೀರಿಕೊಂಡ ಸುದ್ದಿಯನ್ನು ಬಸ್ ನಿಲ್ದಾಣದ ಚಹಾದಂಗಡಿಯವನು ಹೇಳಿದ. ಮಣ್ಣಿಗೆ ಹೋಗಲಿಲ್ಲ. ಕಾರ್ಯವೆಲ್ಲ ಮುಗಿದು, ಬಂದವರು ಹೋದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ದಾವಣಗೆರೆ ಬಸ್ಸು ಹತ್ತಿದೆ. ನಡುದಾರಿಯ ಬಾತಿ ಊರು ದಾಟುವವರೆಗೂ ಹಿಂದಕ್ಕೆ ಹೋಗಿಬಿಡೋಣ ಎಂದುಕೊಂಡೇ ಕೂತಿದ್ದೆ. ಬಸ್ಸಿನಲ್ಲಿ ಎಲ್ಲಾ ಸೀಟು ತುಂಬಿದ್ದವು.

ಮಗಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಅವಳಿಗೆ ತಾಯಿಯ ಮುಖ, ತಂದೆಯ ಕೈ. "ಬರ್ರಿ ಮಾಮ, ಕೂಡ್ರಿ" ಎಂದು ಕುರ್ಚಿ ಕೊಟ್ಟಳು. ಕೇಳದೆಯೇ ಒಂದು ಲೋಟ ಮಜ್ಜಿಗೆ ತಂದಿಟ್ಟಳು. ನಾನು ಮುಟ್ಟಲಿಲ್ಲ.

ಹೇಳಿದೆ. ಹಲ್ಲು ನೋವಿನ ದಿನದಿಂದ ಹಿಡಿದು, ಹೊಳೆದರೂ ತಳ್ಳಿಹಾಕಿದ್ದು, ತಂಗಿಯಂತೆ ಎಂದು ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ.

"ಅಪ್ಪಗೆ ಗೊತ್ತಿತ್ತು ಮಾಮ" ಅಂದಳು ಕೊನೆಗೆ. "ನನಗೂ ಗೊತ್ತಿತ್ತು. ಆಗ ನಾನು ಪಿಯುಸಿ. ಹೋಗಿ ಜಗಳ ಮಾಡ್ತೀನಿ ಅಂದೆ. ಅಪ್ಪ ಬಿಡಲಿಲ್ಲ. ಅವರಾಗೇ ಹೇಳಬೇಕು ಅಂದರು."

"ನಾನು ಹೇಳ್ತೀನಂತ ಕಾದರೇನು?"

"ಒಂದಷ್ಟು ವರ್ಷ ಕಾದರು. ಆಮೇಲೆ ಆ ಮಾತು ಎತ್ತಲಿಲ್ಲ."

"ತಪ್ಪಾತು ತಾಯಿ. ನಂಗೆ ಏನು ಶಿಕ್ಷೆ..."

"ಶಿಕ್ಷೆ ಕೊಡಾಕೆ ನಾನ್ಯಾರು? ಕ್ಷಮಿಸೀನಿ ಅಂತ ಹೇಳಾಕೂ ನಂಗೆ ಆಗಲ್ಲ, ಸುಳ್ಳಾಗ್ತೈತೆ. ಸ್ವಲ್ಪ ಇರ್ರಿ."

ಒಳಗೆ ಹೋಗಿ ಒಂದು ಉದ್ದನೆಯ ನೋಟ್‌ಬುಕ್ಕು ತಂದಳು. ಅದೇ ನೋಟ್‌ಬುಕ್ಕು. ಪುಟ ತಿರುವಿದಳು. ನೀಲಿ ಶಾಯಿ, ದುಂಡಗಿನ ಅಕ್ಷರ. ಒಂದೊಂದು ವಾರಕ್ಕೂ ಒಂದೊಂದು ಸಾಲು. 'ಸಂತೆ ಇಲ್ಲ.' 'ಸಂತೆ ಇಲ್ಲ. ಎರಡು ತುತ್ತು ಅನ್ನ ಉಂಡಳು.' 'ಅಲ್ಲೊಂದು ಇಲ್ಲೊಂದು.' 'ಇವತ್ತು ಸಂತೆ ಸ್ವಲ್ಪ ಕೂಡಿದೆ. ರೊಟ್ಟಿ ಕೇಳಿದಳು.' ಮತ್ತೆ, 'ಖಾಲಿ.'

ಮೊದಲ ಪುಟಕ್ಕೆ ತಿರುಗಿ ನನ್ನ ಮುಂದಿಟ್ಟಳು. ಅಕ್ಕನ ಹೆಸರು, ವಯಸ್ಸು, ರೋಗ ಶುರುವಾದ ದಿನ. ಅದರ ಕೆಳಗೆ, 'ತೆಗೆದುಕೊಂಡ ಮಾತ್ರೆ.' ಅದರ ಮುಂದೆ ಮೂರು ಸಾಲು ಖಾಲಿ ಇತ್ತು. ಆ ಮೂಲೆಗೆ ನನ್ನ ಕವರನ್ನು ಅಂಟಿಸಿದ್ದರು. ಚಂದ್ರ ಮಾಸಿದ್ದ.

"ಯಾವುದು ಅಂತ ಊಹೆ ಮಾಡಬಹುದಿತ್ತು" ಅಂದಳು. "ಬರೀಲಿಲ್ಲ. ಬರ್ಕಂಡು ಬಿಡಪ್ಪ ಅಂದೆ. ನಾನು ನೋಡಿಲ್ಲಲ್ಲ, ಅದು ಕೊಟ್ಟೋರು ಬರೀಬೇಕಾದ ಜಾಗ ಅಂದರು."

ತಂದೆಯ ಇಂಕ್ ಪೆನ್ನಿನ ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟಳು.

"ನಿಮಗೆ ನೆನಪೈತಲ್ಲ? ಬರೀರಿ."

ನೆನಪಿತ್ತು. ಮರೆತದ್ದೇ ಇಲ್ಲ. ಮೊದಲ ಸಾಲಿನಲ್ಲಿ ಕ್ಯಾಪ್ಸೂಲಿನ ಹೆಸರು, ಎಷ್ಟು, ಎಷ್ಟು ದಿನ. ಎರಡನೆಯದರಲ್ಲಿ ಭೇದಿ ನಿಲ್ಲಿಸಲು ಕೊಟ್ಟದ್ದು. ಮೂರನೆಯದರಲ್ಲಿ ಇನ್ನೊಂದು ಆ್ಯಂಟಿಬಯಾಟಿಕ್, ಎರಡು ಸಲ ಕೊಟ್ಟದ್ದು. ಹೊತ್ತು ತೋರಿಸಲು ನನ್ನ ಕೈ ತಾನಾಗಿಯೇ ಒಂದು ಸೊನ್ನೆ ಸುತ್ತತೊಡಗಿತ್ತು. ತಡೆದುಕೊಂಡು, ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಅಕ್ಷರದಲ್ಲಿ ಬರೆದೆ. ಪೆನ್ನು ಕೆಳಗಿಟ್ಟೆ.

ಅವಳು ಓದಿದಳು. ಬೆರಳು ಕೊನೆಯ ಸಾಲಿನ ಕೆಳಗೆ ನಿಂತಿತು.

"ಸಹಿ ಹಾಕ್ರಿ ಮಾಮ."

ಹಾಕಿದೆ. ಮೂವತ್ತೆರಡು ವರ್ಷ ಊರಿಗೆಲ್ಲ ಔಷಧಿ ಕೊಟ್ಟವನು, ಕೊಟ್ಟ ಔಷಧಿಯ ಕೆಳಗೆ ನನ್ನ ಹೆಸರು ಬರೆದದ್ದು ಅದೇ ಮೊದಲು.

ಅವಳು ನೋಟ್‌ಬುಕ್ಕನ್ನು ಮೇಜಿನ ಅಂಚಿಗೆ ಸರಿಸಿ, ಮೆಲ್ಲಗೆ ಒಮ್ಮೆ ಊದಿದಳು. ಶಾಯಿ ಆರುವವರೆಗೆ ಅವಳು ಅದನ್ನು ಮುಚ್ಚಲಿಲ್ಲ.